ಫೋರ್ಟಿನಲ್ಲಿ ಒಂದು ಸಪ್ಪೆ ಊಟ

ನಮ್ಮ ಲಂಚ್ ಹೋಮಿನಲ್ಲಿ ಗಿರಾಕಿ ಉಪ್ಪು ಕೇಳಿದರೆ ಒಳಗೆ ಅಡಿಗೆಯವನ ಮುಖ ಬಾಡುತ್ತಿತ್ತು. ಕೊಡುತ್ತಿರಲಿಲ್ಲ ಅಂತಲ್ಲ, ಕೊಡುತ್ತಿದ್ದೆವು. ಆದರೆ ಸಪ್ಲಯರ್ ಹುಡುಗ ಉಪ್ಪಿನ ಡಬ್ಬಿ ಎತ್ತಿಕೊಂಡರೆ ಸಾಕು, ಅವನು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು "ಯಾವ ಟೇಬಲ್?" ಅಂತ ಕೇಳುತ್ತಿದ್ದ. ವಾಪಸ್ ಹೋಗಿ ಪಾತ್ರೆಯಿಂದ ಒಂದು ಚಮಚ ಸಾರು ಬಾಯಿಗೆ ಹಾಕಿ ನೋಡುತ್ತಿದ್ದ. ಪ್ಲೇಟು ಅಡಿಗೆಮನೆಯಿಂದ ಹೊರಗೆ ಬಂತು ಅಂದರೆ ಅಡಿಗೆ ಮುಗಿದಿರಬೇಕು, ಗಿರಾಕಿಗೆ ತಿನ್ನುವ ಕೆಲಸ ಮಾತ್ರ ಉಳಿದಿರಬೇಕು. ಮುಂಬೈಯ ಮುಲುಂಡ್‌ನಲ್ಲಿ 22 ವರ್ಷ ಗಲ್ಲಾದ ಮೇಲೆ ಕೂತು ನಾನು ನಂಬಿಕೊಂಡು ಬಂದದ್ದು ಅದನ್ನೇ. ನಿಂಬೆ ಹೋಳು ಇಡುತ್ತಿದ್ದೆವು, ಅದು ಬೇರೆ ಮಾತು.

ಇಂಥ ನನ್ನನ್ನು ಮಗಳು ಇಂಗ್ಲಿಷರ ಊಟಕ್ಕೆ ಕರೆದುಕೊಂಡು ಹೋದಳು.

ಅವಳು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಒಂದು ವರ್ಷ ಎಂ.ಎಸ್‌ಸಿ. ಓದಿ ಬಂದಿದ್ದಾಳೆ. ಈಗ ಲೋವರ್ ಪರೇಲ್‌ನಲ್ಲಿ ಕೆಲಸ. ಲೀಡ್ಸ್‌ಗೆ ಹೋದ ಮೊದಲ ಮೂರು ತಿಂಗಳು ದಿನಾ ಫೋನ್ ಮಾಡಿ "ಅಪ್ಪಯ್ಯ, ಇಲ್ಲಿ ಎಲ್ಲ ಸಪ್ಪೆ, ಬಾಯಿಗೇ ಹೋಗೂದಿಲ್ಲ" ಅಂತ ಅತ್ತವಳು. ನಾವು ಮೀನಿನ ಮಸಾಲೆ ಪುಡಿ, ಒಣ ಸಿಗಡಿ ಚಟ್ನಿ ಎಲ್ಲ ಕಟ್ಟಿ ಕಳಿಸಿದ್ದೆವು. ಈಗ ವಾಪಸ್ ಬಂದು ಎಂಟು ತಿಂಗಳಾಗಿಲ್ಲ, ಜೋರು ಮಳೆ ಬಂದರೆ ಸಾಕು, ಆ ಸಪ್ಪೆಯೇ ಬೇಕಂತೆ. ನಮ್ಮ ಮನೆಯಲ್ಲಿ ಶ್ರಾವಣದಲ್ಲಿ ಮೀನು-ಮಾಂಸ ಇಲ್ಲ. ಹಾಗಾಗಿ ಅದರ ಹಿಂದಿನ ಭಾನುವಾರ ಏನಾದರೂ ಜೋರು ಮಾಡುವುದು ರೂಢಿ. ಮರಾಠಿಯವರು ಇದಕ್ಕೆ ಗಟಾರಿ ಅಂತಾರೆ. ಬೆಳಿಗ್ಗೆ ಏಳಕ್ಕೇ ಮಟನ್ ಅಂಗಡಿಯ ಮುಂದೆ ಕೊಡೆಗಳ ಸಾಲು ನಿಂತಿರುತ್ತದೆ. ಈ ಸಲ ನಾನು ಸಾಲಿನಲ್ಲಿ ನಿಲ್ಲಲಿಲ್ಲ. "ಈ ವರ್ಷದ ಗಟಾರಿ ನನ್ನ ಲೆಕ್ಕ" ಅಂದಳು ಮಗಳು.

ಭಾನುವಾರ ಅಂದರೆ ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್, ಹಳಿ ರಿಪೇರಿಗೆ ಅಂತ ರೈಲು ಕಡಿಮೆ. ಮುಲುಂಡಿನಿಂದ ಸಿಎಸ್‌ಎಂಟಿಗೆ ಬರುವಷ್ಟರಲ್ಲಿ ಒಂದೂವರೆ ಗಂಟೆ. ಹೆಂಡತಿ ಕುರ್ಲಾದಲ್ಲೇ "ಇಷ್ಟೊತ್ತಿಗೆ ಮನೇಲಿ ಸುಕ್ಕಾ ಆಗಿರ್ತಿತ್ತು" ಅಂದಳು. ಬೈಖಲಾದಲ್ಲಿ ಅದನ್ನೇ ಇನ್ನೊಂದು ಸಲ ಅಂದಳು.

ಫೋರ್ಟ್ ಅಂದರೆ ಮುಂಬೈಯ ಹಳೆ ಕೋಟೆ ಪ್ರದೇಶ. ಭಾನುವಾರದ ಫೋರ್ಟ್ ನನಗೆ ಇಷ್ಟ. ಆಫೀಸುಗಳು ಮುಚ್ಚಿರುತ್ತವೆ, ಫುಟ್‌ಪಾತಿನಲ್ಲಿ ಕಾಲಿಡಲು ಜಾಗ ಇರುತ್ತದೆ, ಕಲ್ಲಿನ ಕಮಾನುಗಳು ಮಳೆಗೆ ಕಪ್ಪಾಗಿ ಕಾಣುತ್ತವೆ. 1977ರಲ್ಲಿ, ಹದಿಮೂರನೇ ವಯಸ್ಸಿನಲ್ಲಿ, ಕುಂದಾಪುರದ ಕಡೆಯಿಂದ ಬಸ್ಸಿನಲ್ಲಿ ಬಂದು ಇಳಿದವನು ನಾನು. ಆಗ ಕೊಂಕಣ ರೈಲು ಕನಸಿನಲ್ಲೂ ಇರಲಿಲ್ಲ. ಫೋರ್ಟಿನ ಪಕ್ಕದ ಬ್ಯಾಲಾರ್ಡ್ ಎಸ್ಟೇಟಿನಲ್ಲಿ ಒಂದು ಹಡಗು ಕಂಪನಿಯ ಕ್ಯಾಂಟೀನಿನಲ್ಲಿ ಕೆಲಸ. ಕಂಟ್ರಾಕ್ಟು ನಮ್ಮ ಊರಿನವರದ್ದು. ಹಗಲು ಟೇಬಲ್ ಒರೆಸುವುದು, ಸಂಜೆ ಕನ್ನಡದ ರಾತ್ರಿ ಶಾಲೆ, ರಾತ್ರಿ ಅದೇ ಕ್ಯಾಂಟೀನಿನ ಬೆಂಚಿನ ಮೇಲೆ ನಿದ್ದೆ. ಆ ಕ್ಯಾಂಟೀನಿನ ಮಾತಿಗೆ ಆಮೇಲೆ ಬರುತ್ತೇನೆ.

ಹೋಟೆಲಿನ ಹೆಸರು ಹೇಳುವುದಿಲ್ಲ. ದೂರು ಹೇಳುವುದಿದೆ, ಮತ್ತೆ ಹೋಟೆಲಿನವನು ಹೋಟೆಲಿನವನ ಹೊಟ್ಟೆ ಮೇಲೆ ಹೊಡೆಯಬಾರದು. ಒಂದು ಗಲ್ಲಿಯಲ್ಲಿದೆ, ಹದಿನಾಲ್ಕು ಟೇಬಲ್. ಬಾಗಿಲ ಹತ್ತಿರ ಕೆಂಪು ಟೆಲಿಫೋನ್ ಡಬ್ಬಿಯ ಆಕಾರದ ಕಪಾಟು. ಗೋಡೆಯಲ್ಲಿ ಡಬಲ್ ಡೆಕ್ಕರ್ ಬಸ್ಸಿನ ಚಿತ್ರ. ಮುಂಬೈಯವನಿಗೆ ಡಬಲ್ ಡೆಕ್ಕರ್ ತೋರಿಸಿ ಲಂಡನ್ ಅನ್ನುವುದು ಸ್ವಲ್ಪ ತಮಾಷೆಯೇ. ಮರದ ಕುರ್ಚಿಗಳು ಒಂದಕ್ಕೊಂದು ಹೊಂದುವುದಿಲ್ಲ, ಬೇಕಂತಲೇ ಹಾಗೆ ಇಟ್ಟಿದ್ದಾರೆ. ಕಾಲೇಜು ಹುಡುಗ ಹುಡುಗಿಯರು ಜಾಸ್ತಿ. ನಮ್ಮ ಪಕ್ಕದ ಟೇಬಲಿನಲ್ಲಿ ಮಾತ್ರ ಒಬ್ಬರು ವಯಸ್ಸಾದ ಪಾರ್ಸಿ, ಒಬ್ಬರೇ, ಪೂರ್ತಿ ಬಿಳಿ ಅಂಗಿ, ಟೇಬಲಿಗೆ ಕೊಡೆ ಒರಗಿಸಿ ಕೂತಿದ್ದರು.

ಆರ್ಡರ್ ಮಾಡುವಾಗಲೇ ನಮ್ಮದೊಂದು ಎಡವಟ್ಟಾಯಿತು. ಹೆಂಡತಿ ಮೆನು ಕಾರ್ಡಿನಲ್ಲಿ ಬೆರಳಿಟ್ಟು ಓದುತ್ತಾ ಹೋಗಿ 'ಯಾರ್ಕ್‌ಶೈರ್ ಪುಡ್ಡಿಂಗ್' ಅನ್ನುವಲ್ಲಿ ನಿಂತಳು. "ನಂಗೆ ಇದೊಂದು ಸಾಕು, ಹೊಟ್ಟೆ ಭಾರ ಬೇಡ" ಅಂದಳು. ಮಗಳು ಫೋನಿನಲ್ಲಿದ್ದಳು, ನಾನು ಸುಮ್ನೆ ತಲೆಯಾಡಿಸಿದೆ. ಹುಡುಗ ಬರೆದುಕೊಂಡು ಹೋದ. ಬಂದದ್ದೇನು? ಕಂದು ಬಣ್ಣದ, ಅಂಗೈಯಷ್ಟು ಅಗಲದ, ನಡುವೆ ಗುಂಡಿ ಬಿದ್ದ ಒಂದು ರೊಟ್ಟಿಯಂಥದ್ದು. ಪಕ್ಕದಲ್ಲಿ ರೋಸ್ಟ್ ಕೋಳಿ, ಬೇಯಿಸಿದ ಕ್ಯಾರೆಟ್, ಎರಡು ಬಟಾಟೆ.

"ಹ್ವಾಯ್, ಇದೆಂತ? ಪುಡ್ಡಿಂಗ್ ಅಂದ್ರೆ ಸೀ ಅಲ್ದಾ?"

ಮಗಳು ನಕ್ಕೂ ನಕ್ಕೂ ಕಣ್ಣು ಒರೆಸಿಕೊಂಡಳು. ಅಲ್ಲಿ ಪುಡ್ಡಿಂಗ್ ಅಂದರೆ ಸಿಹಿಯೂ ಹೌದು, ಅಲ್ಲವೂ ಹೌದಂತೆ. ಇದು ಮೊಟ್ಟೆ, ಮೈದಾ, ಹಾಲು ಕಲಸಿದ ನೀರು ಹಿಟ್ಟು. ಅಚ್ಚಿನಲ್ಲಿ ಕೊಬ್ಬು ಹೊಗೆಯಾಡುವಷ್ಟು ಕಾಯಬೇಕು, ಆಮೇಲೆ ಹಿಟ್ಟು ಹೊಯ್ದು ಓವನ್ನಿಗೆ. ನಡುವೆ ಬಾಗಿಲು ತೆಗೆದರೆ ಉಬ್ಬಿದ್ದು ಕುಸಿಯುತ್ತದೆ. ಹಿಂದಿನ ಕಾಲದಲ್ಲಿ ಮಾಂಸಕ್ಕಿಂತ ಮೊದಲು ಇದನ್ನೇ ಗ್ರೇವಿ ಹಾಕಿ ಬಡಿಸುತ್ತಿದ್ದರಂತೆ. ಹೊಟ್ಟೆ ಅರ್ಧ ತುಂಬಿದರೆ ಮಾಂಸ ಕಡಿಮೆ ಸಾಕಾಗುತ್ತದೆ ಅಲ್ವಾ, ಅದಕ್ಕೆ. ಈ ಮಾತು ಕೇಳಿದಾಗಲೇ ನನಗೆ ಇಂಗ್ಲಿಷರ ಮೇಲೆ ಮೊದಲ ಸಲ ಪ್ರೀತಿ ಬಂತು. ಔತಣದಲ್ಲಿ ಕೋಳಿ ಸಾರು ಬರುವ ಮೊದಲು ಎರಡು ಸೌಟು ಅನ್ನ ಜಾಸ್ತಿ ಬಡಿಸಿ ಹೋಗುವ ನಮ್ಮೂರಿನ ಯಜಮಾನರ ನೆನಪಾಯಿತು. ಬಡತನದ ಲೆಕ್ಕಾಚಾರ ಎಲ್ಲ ಊರಲ್ಲೂ ಒಂದೇ ರೀತಿ ನಡೆಯುತ್ತದೆ.

ಆದರೆ ದೂರಿದೆ. ಗ್ರೇವಿ ಪುಡ್ಡಿಂಗಿನ ಜೊತೆಗೆ ಬರಲಿಲ್ಲ. ಎರಡು ಸಲ ಕೇಳಿದ ಮೇಲೆ, ಸುಮಾರು ಹತ್ತು ನಿಮಿಷಕ್ಕೆ ಬಂತು. ಅಷ್ಟರಲ್ಲಿ ಆ ರೊಟ್ಟಿ ತಣ್ಣಗಾಗಿ ತೊಗಲಿನ ಹಾಗೆ ಆಗಿತ್ತು. ಪ್ಲೇಟನ್ನೂ ಬಿಸಿ ಮಾಡಿರಲಿಲ್ಲ. ಮಳೆಗಾಲದಲ್ಲಿ, ಎಸಿ ಕೆಳಗೆ, ತಣ್ಣಗಿನ ಪಿಂಗಾಣಿ ತಟ್ಟೆಯಲ್ಲಿ ಬಿಸಿ ಊಟ ಎಷ್ಟು ಹೊತ್ತು ತಾಳುತ್ತದೆ? ನನ್ನ ಹೋಟೆಲಾಗಿದ್ದರೆ ಆ ಹುಡುಗನಿಗಲ್ಲ, ಪಾಸ್, ಅಂದರೆ ಅಡಿಗೆಮನೆಯಿಂದ ಪ್ಲೇಟು ಹೊರಗೆ ಕೊಡುವ ಕಟ್ಟೆ, ಅದರ ಹತ್ತಿರ ನಿಂತವನಿಗೆ ಬೈಯುತ್ತಿದ್ದೆ. ಒಂದು ಐಟಂ ಬಿಟ್ಟು ಪ್ಲೇಟು ಕಳಿಸುವುದು ಅವನದ್ದೇ ತಪ್ಪು.

ಈಗ ಮೀನು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಕಾರ್ಡಿನಲ್ಲಿ ಬರೀ 'ಫಿಶ್ ಅಂಡ್ ಚಿಪ್ಸ್' ಅಂತ ಇತ್ತು. ಯಾವ ಮೀನು ಅಂತ ಇಲ್ಲ. ಕರಾವಳಿಯವನಿಗೆ ಬರೀ 'ಮೀನು' ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಹುಡುಗನನ್ನು ಕರೆದು ಕೇಳಿದೆ. ಗಢವಾಲ್ ಕಡೆಯ ಹುಡುಗ, ಇಪ್ಪತ್ತೆರಡು ದಾಟಿರಲಿಕ್ಕಿಲ್ಲ. "ಬಾಸಾ ಹೈ ಅಂಕಲ್. ರಾವಸ್ ಚಾಹಿಯೇ ತೋ ಢಾಯಿ ಸೌ ಎಕ್ಸ್‌ಟ್ರಾ." ಕಡಲಿನ ಮೀನು ರಾವಸ್ ಬೇಕಾದರೆ ಇನ್ನೂರೈವತ್ತು ಜಾಸ್ತಿ ಅಂತೆ. ಬಾಸಾ ವಿಯೆಟ್ನಾಮಿನ ಸಿಹಿನೀರಿನಲ್ಲಿ ಸಾಕುವ ಮೀನು, ಫಿಲೆಟ್ ಮಾಡಿ ಬರ್ಫದಲ್ಲಿ ಬರುತ್ತದೆ. ಮುಳ್ಳಿಲ್ಲ, ವಾಸನೆ ಇಲ್ಲ, ರುಚಿಯೂ ಇಲ್ಲ. ಮೀನು ತಿನ್ನದವರು ಮೀನು ತಿನ್ನಲು ಕಲಿಯುವುದಕ್ಕೆ ಒಳ್ಳೆಯದು. ರಾವಸ್ ಹೇಳಿದೆ. ಆದರೆ ನನಗೆ ಗೊತ್ತು, ಜೂನ್ 1ರಿಂದ ಜುಲೈ ಕೊನೆಯವರೆಗೆ ಈ ಕರಾವಳಿಯಲ್ಲಿ ಟ್ರಾಲರ್ ಕಡಲಿಗೆ ಇಳಿಯುವಂತಿಲ್ಲ. ಸಸೂನ್ ಡಾಕ್, ಭಾವುಚಾ ಧಕ್ಕಾ ಎರಡೂ ಕಡೆ ದೋಣಿಗಳು ಕಟ್ಟಿಕೊಂಡಿರುತ್ತವೆ. ಜುಲೈಯಲ್ಲಿ ರಾವಸ್ ಇದೆ ಅಂದರೆ ಅದು ಮೇ ತಿಂಗಳ ರಾವಸ್.

ಬಂತು. ಉದ್ದ ತಟ್ಟೆ, ಅದರಲ್ಲಿ ನ್ಯೂಸ್‌ಪೇಪರ್, ಅದರ ಮೇಲೆ ಮೀನು. ಪೇಪರನ್ನು ಬಗ್ಗಿ ನೋಡಿದೆ. ನಿಜವಾದ ಪೇಪರಲ್ಲ, ಎಣ್ಣೆ ಹೀರದ ಕಾಗದದ ಮೇಲೆ ಪೇಪರಿನ ಹಾಗೆ ಅಚ್ಚು ಹಾಕಿದ್ದಾರೆ. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಹಳೆ ಪೇಪರಿನಲ್ಲೇ ಕಟ್ಟಿಕೊಡುತ್ತಿದ್ದರಂತೆ, ಅದರ ನೆನಪಿಗೆ ಇದು. ಇಲ್ಲಿ ನಮ್ಮ ಭಜಿಯಾವಾಲಾ ಪೇಪರಿನಲ್ಲಿ ಕಟ್ಟಿದರೆ ಶಾಯಿ ಹೊಟ್ಟೆಗೆ ಹೋಗುತ್ತದೆ, ಕಟ್ಟಬೇಡಿ ಅಂತ ಸರ್ಕಾರ ಹೇಳುತ್ತದೆ. ಸರಿಯಾದ ಮಾತೇ. ಆದರೆ ಪೇಪರಿನ ಹಾಗೆ ಕಾಣುವ ಪೇಪರಿಗೆ ಇವರು ದುಡ್ಡು ಕೊಟ್ಟು ಅಚ್ಚು ಹಾಕಿಸುವುದು ನೋಡಿ ಸ್ವಲ್ಪ ಹೊತ್ತು ತಿನ್ನುವುದನ್ನೇ ಮರೆತೆ. ಒಂದೇ ಸುದ್ದಿ ನಾಲ್ಕು ಸಲ ಅಚ್ಚಾಗಿತ್ತು.

ಮೀನಿನ ಹೊರಗಿನ ಹಿಟ್ಟು ಚೆನ್ನಾಗಿತ್ತು. ಮುಚ್ಚುಮರೆ ಯಾಕೆ, ಬಹಳ ಚೆನ್ನಾಗಿತ್ತು. ಫೋರ್ಕು ಒತ್ತಿದಾಗ ಹಪ್ಪಳ ಮುರಿದ ಸದ್ದು ಬಂತು. ಮೈದಾಕ್ಕೆ ತಣ್ಣಗಿನ ಬಿಯರೋ ಸೋಡಾವೋ ಹಾಕಿ ಕಲಸಿ ಗುಳ್ಳೆ ಇರುವಾಗಲೇ ಎಣ್ಣೆಗೆ ಬಿಟ್ಟರೆ ಹಾಗೆ ಬರುತ್ತದೆ. ನಾವು ಮೀನಿಗೆ ಹಿಟ್ಟಿನ ಕೋಟು ಹಾಕುವವರಲ್ಲ. ಮಸಾಲೆ ಮೆತ್ತಿ, ರವೆ ಹೊರಳಿಸಿ, ಕಾವಲಿ ಮೇಲೆ ಹಾಕುತ್ತೇವೆ, ಅಲ್ಲಿ ರುಚಿ ಇರುವುದು ಹೊರಗಿನ ಮಸಾಲೆಯಲ್ಲಿ. ಇವರ ಲೆಕ್ಕವೇ ಬೇರೆ. ಹಿಟ್ಟು ಒಂದು ಮುಚ್ಚಿದ ಪಾತ್ರೆ, ಒಳಗೆ ಮೀನು ತನ್ನ ಹಬೆಯಲ್ಲೇ ಬೇಯುತ್ತದೆ. ಹಾಗಾಗಿ ಮೀನು ಸುಳ್ಳು ಹೇಳಲು ಆಗುವುದಿಲ್ಲ. ನನ್ನ ರಾವಸ್ ಸಿಕ್ಕಿಬಿತ್ತು. ಒಳಗೆ ಹಿಟ್ಟಿನ ಪದರ ಒದ್ದೆಯಾಗಿ ಅಂಟಂಟಾಗಿತ್ತು. ಬರ್ಫ ಬಿಟ್ಟ ನೀರನ್ನು ಬಟ್ಟೆಯಲ್ಲಿ ಒತ್ತಿ ಒರೆಸಿ, ಒಣ ಮೈದಾ ಸವರಿ, ಆಮೇಲೆ ಹಿಟ್ಟಿನಲ್ಲಿ ಅದ್ದಬೇಕಿತ್ತು. ಭಾನುವಾರದ ಗಡಿಬಿಡಿಯಲ್ಲಿ ಒರೆಸುವ ಕೆಲಸ ತಪ್ಪಿದೆ.

ಚಿಪ್ಸ್ ನೋಡಿದರೆ ಬೆರಳು ದಪ್ಪದವು, ಬಿಳಿಚಿದ ಬಣ್ಣ, ಮುಟ್ಟಿದರೆ ಮೆತ್ತಗೆ. ಒಂದು ತಿಂದೆ. ಬೇಯಿಸಿದ ಬಟಾಟೆ, ಅಷ್ಟೆ. ಉಪ್ಪು ಕೂಡ ಇಲ್ಲ. ಇನ್ನೊಂದು ತಿಂದೆ, ಅದೂ ಹಾಗೇ.

ಆ ರುಚಿ ನನಗೆ ಹೊಸದಲ್ಲ. 48 ವರ್ಷದ ಹಿಂದಿನದ್ದು.

ಬ್ಯಾಲಾರ್ಡ್ ಎಸ್ಟೇಟಿನ ಆ ಕ್ಯಾಂಟೀನಿನಲ್ಲಿ ಸಾಹೇಬರುಗಳಿಗೆ ಬೇರೆ ಹಾಲ್ ಇತ್ತು. ಬ್ರಿಟಿಷರು ಯಾವಾಗಲೋ ಹೋಗಿದ್ದರು, ಕುರ್ಚಿಯಲ್ಲಿ ಕೂರುತ್ತಿದ್ದವರೆಲ್ಲ ನಮ್ಮವರೇ. ಆದರೆ ಶುಕ್ರವಾರ ಫಿಶ್ ಅಂಡ್ ಚಿಪ್ಸ್ ಮಾತ್ರ ತಪ್ಪುತ್ತಿರಲಿಲ್ಲ. ಮಾಡುತ್ತಿದ್ದವನು ಗೋವಾದ ಅಡಿಗೆಯವನು. ಹದಿನೆಂಟು ಟೇಬಲ್. ಒಂದೊಂದರ ಮೇಲೂ ಎರಡು ಬಾಟ್ಲಿ, ಒಂದು ನಸು ಕಂದು ಬಣ್ಣದ್ದು, ಇನ್ನೊಂದು ಕಪ್ಪು. ಮಧ್ಯಾಹ್ನದ ಊಟ ಮುಗಿದ ಮೇಲೆ ಅವುಗಳ ಕುತ್ತಿಗೆ ಒರೆಸುವುದು ನನ್ನ ಕೆಲಸ. ಕಪ್ಪು ಬಾಟ್ಲಿಯದ್ದು ಕಷ್ಟ. ಸುರಿದದ್ದು ಮುಚ್ಚಳದ ಸುತ್ತ ಒಣಗಿ ಬೆಲ್ಲದ ಹಾಗೆ ಗಟ್ಟಿಯಾಗುತ್ತಿತ್ತು. ಬಿಸಿ ನೀರಿನ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಬಿಟ್ಟು, ಉಗುರಿನಿಂದ ಕೆರೆದು, ಲೇಬಲ್ ಕುರ್ಚಿಯ ಕಡೆಗೆ ಬರುವ ಹಾಗೆ ತಿರುಗಿಸಿ ಇಡಬೇಕು. ಕಂಟ್ರಾಕ್ಟರು ಬಂದು ಬಾಟ್ಲಿಯ ಕುತ್ತಿಗೆಗೆ ಬೆರಳು ಸವರಿ ನೋಡುತ್ತಿದ್ದರು. ಅಂಟಿದರೆ ಆ ಬೆರಳನ್ನು ನನ್ನ ಅಂಗಿಗೇ ಒರೆಸುತ್ತಿದ್ದರು.

ಒಂದು ಶುಕ್ರವಾರ ಯಾರೋ ಬಿಟ್ಟುಹೋದ ಪ್ಲೇಟಿನಿಂದ ಒಂದು ಚಿಪ್ಸ್ ತೆಗೆದು, ಅಡಿಗೆಮನೆಗೆ ಹೋಗುವ ದಾರಿಯಲ್ಲಿ ಬಾಯಿಗೆ ಹಾಕಿಕೊಂಡೆ. ತಣ್ಣಗಿತ್ತು. ಉಪ್ಪಿಲ್ಲ, ಹುಳಿಯಿಲ್ಲ, ಖಾರವಿಲ್ಲ. ಸಾಹೇಬರು ಇಷ್ಟು ದುಡ್ಡು ಕೊಟ್ಟು ಇದನ್ನು ತಿನ್ನುತ್ತಾರಾ ಅಂತ ಅವತ್ತು ರಾತ್ರಿ ಶಾಲೆಯಲ್ಲಿ ಜೊತೆಯವರಿಗೆಲ್ಲ ಹೇಳಿ ನಗಿಸಿದ್ದೆ. ಆಮೇಲೆ ಇಷ್ಟು ವರ್ಷ ಇಂಗ್ಲಿಷರ ಊಟದ ಮಾತು ಬಂದಾಗೆಲ್ಲ ಅದೇ ಕತೆ ಹೇಳುತ್ತಿದ್ದೆ. ಮಗಳಿಗೂ ಹೇಳಿದ್ದೇನೆ, ವೀಸಾ ಬಂದ ದಿನ.

ಇರಲಿ. ಭಾನುವಾರಕ್ಕೆ ಬರೋಣ. ನಾನು ಮೂರನೇ ಚಿಪ್ಸ್ ಎತ್ತಿಕೊಂಡು ಸುಮ್ನೆ ಕೂತಿದ್ದೆ. ಪಕ್ಕದ ಟೇಬಲಿನ ಪಾರ್ಸಿಯವರಿಗೂ ಅದೇ ಪ್ಲೇಟು ಬಂತು. ಅವರು ಫೋರ್ಕು ಮುಟ್ಟಲಿಲ್ಲ. ಮೊದಲು ಉಪ್ಪಿನ ಡಬ್ಬಿ, ಪ್ಲೇಟಿನ ಈ ತುದಿಯಿಂದ ಆ ತುದಿಗೆ. ಆಮೇಲೆ ಕಂದು ಬಾಟ್ಲಿ, ಬೋರಲು ಹಾಕಿ ಒಂದು, ಎರಡು, ಮೂರು, ನಾಲ್ಕು ಜಾಡಿಸು. ಆಮೇಲೆ ಕಪ್ಪು ಬಾಟ್ಲಿಯಿಂದ ಪ್ಲೇಟಿನ ಅಂಚಿಗೆ ಒಂದು ರೂಪಾಯಿ ನಾಣ್ಯದಷ್ಟು ಸಾಸ್. ಇಷ್ಟೆಲ್ಲ ಆದ ಮೇಲೆ ಕರವಸ್ತ್ರ ತೊಡೆಯ ಮೇಲೆ ಹಾಸಿಕೊಂಡು ತಿನ್ನಲು ಶುರು ಮಾಡಿದರು. ಅವಸರವೇ ಇಲ್ಲ.

ನಮ್ಮ ಟೇಬಲಿನಲ್ಲೂ ಅವೇ ಎರಡು ಬಾಟ್ಲಿ ಇದ್ದವು. ನಾನು ಅವನ್ನು ನೋಡಿದ್ದೆ, ಆದರೆ ನೋಡಿದ್ದು ಒರೆಸುವವನ ಕಣ್ಣಿನಿಂದ. ಕುತ್ತಿಗೆ ಸ್ವಚ್ಛ ಇದೆಯೋ ಇಲ್ಲವೋ ಅಂತ.

"ಅಪ್ಪಯ್ಯ, ನೀನು ವಿನೆಗರ್ ಹಾಕ್ಲೇ ಇಲ್ಯಾ?" ಅಂದಳು ಮಗಳು. ಲೀಡ್ಸ್‌ನ ಅಂಗಡಿಯಲ್ಲಿ ಕಟ್ಟುವ ಮೊದಲೇ "ಸಾಲ್ಟ್ ಅಂಡ್ ವಿನೆಗರ್?" ಅಂತ ಕೇಳುತ್ತಾರಂತೆ. ಚಿಪ್ಸ್ ಮೆತ್ತಗಿರುವುದು ಅಡಿಗೆಯವನಿಗೆ ಬರದೆ ಅಲ್ಲ, ಮೆತ್ತಗಿದ್ದರೆ ತಾನೇ ಅದು ಹುಳಿ ಹೀರುವುದು. ಗರಿಗರಿ ಫ್ರೆಂಚ್ ಫ್ರೈಸ್ ಆದರೆ ಮೇಲಿಂದ ಜಾರಿ ಹೋಗುತ್ತದೆ.

ಜಾಡಿಸಿದೆ. ಬಾರ್ಲಿಯಿಂದ ಮಾಡುವ ವಿನೆಗರ್ ಅದು. ಬಿಸಿ ಬಟಾಟೆಗೆ ಬಿದ್ದ ಕೂಡಲೇ ಆವಿ ಎದ್ದು ಮೂಗಿಗೆ ಹೊಡೆಯಿತು, ಕಣ್ಣಲ್ಲಿ ನೀರು ಬಂತು. ಚಿಪ್ಸಿನ ಅಂಚು ಚಾ ಚೆಲ್ಲಿದ ಹಾಗೆ ಕಂದಾಯಿತು. ಬಾಯಿಗೆ ಹಾಕಿದೆ. ಮೊದಲು ಉಪ್ಪು, ಆಮೇಲೆ ಹುಳಿ, ಆಮೇಲೆ ಬಟಾಟೆಯ ಸಿಹಿ. ಅದೇ ಬಟಾಟೆ. ಮತ್ತೊಂದಕ್ಕೆ ಜಾಸ್ತಿ ಹಾಕಿದೆ. ಇನ್ನೊಂದಕ್ಕೆ ಹಾಕಲಿಲ್ಲ, ಹಾಕಿದ್ದರ ನಡುವೆ ಹಾಕದ್ದು ತಿಂದರೆ ಅದಕ್ಕೂ ಒಂದು ರುಚಿ ಇದೆ.

ಇದನ್ನು ನಾನು ತಿಂದಿದ್ದೇನೆ, ಬೇರೆ ಪಾತ್ರೆಯಲ್ಲಿ. ಆಸಾಡಿ ಮಳೆಯಲ್ಲಿ ಮನೆಯಲ್ಲಿ ಕುಚ್ಚಲಕ್ಕಿ ಗಂಜಿ. ಗಂಜಿಗೆ ಯಾರಾದರೂ ಉಪ್ಪು ಹಾಕಿ ಬೇಯಿಸುತ್ತಾರಾ? ಬಟ್ಟಲಿನಲ್ಲಿ ಬರೀ ಗಂಜಿ, ಪಕ್ಕದಲ್ಲಿ ಉಪ್ಪು, ಮಿಡಿ ಉಪ್ಪಿನಕಾಯಿ, ಕೆಂಡದಲ್ಲಿ ಸುಟ್ಟ ಒಣ ಮೀನು. ಎಷ್ಟು ಕಚ್ಚಬೇಕು, ಯಾವ ತುತ್ತಿಗೆ ಕಚ್ಚಬೇಕು, ಅದು ತಿನ್ನುವವನ ಇಷ್ಟ. ಅಬ್ಬಿ, ಅಂದರೆ ನನ್ನ ಅಮ್ಮ, ಎಂದೂ 'ಗಂಜಿ ಸರಿಯಾಗಿದೆಯಾ' ಅಂತ ಕೇಳಿದವಳಲ್ಲ. ಹೋಟೆಲಿಗೆ ಬಂದ ಮೇಲೆ ಆ ಅಧಿಕಾರವನ್ನು ನಾವು ಗಿರಾಕಿಯಿಂದ ತೆಗೆದುಕೊಂಡೆವು. ಉಪ್ಪು ಕೇಳಿದವನನ್ನು ಬಾಗಿಲಿಂದ ಇಣುಕಿ ನೋಡಿದೆವು. ಇಂಗ್ಲಿಷರ ಹೋಟೆಲಿನಲ್ಲಿ ಅಡಿಗೆ ಅರ್ಧ ಮಾತ್ರ ಒಳಗೆ ಆಗುತ್ತದೆ. ಉಳಿದದ್ದು ಟೇಬಲಿನ ಮೇಲೆ. ನಾನು ಅರ್ಧ ಅಡಿಗೆ ತಿಂದು, ಅದೂ ಕದ್ದು, ಇಡೀ ದೇಶದ ಊಟವನ್ನು ಸಪ್ಪೆ ಅಂದಿದ್ದೆ.

ಕಪ್ಪು ಬಾಟ್ಲಿ ಎಚ್‌ಪಿ ಸಾಸ್. ಹೆಸರು ಲಂಡನ್ನಿನ ಪಾರ್ಲಿಮೆಂಟ್ ಕಟ್ಟಡದ್ದು (ಹೌಸಸ್ ಆಫ್ ಪಾರ್ಲಿಮೆಂಟ್), ಲೇಬಲ್ಲಿನಲ್ಲೂ ಅದೇ ಚಿತ್ರ. ಕನ್ನಡಕ ಏರಿಸಿ ಹಿಂದಿನ ಸಣ್ಣ ಅಕ್ಷರ ಓದಿದೆ. ಟೊಮೆಟೊ, ವಿನೆಗರ್, ಕಾಕಂಬಿ, ಖರ್ಜೂರ, ಹುಣಸೆ. ಖರ್ಜೂರ, ಹುಣಸೆ! ಭೇಲ್‌ಪುರಿಯ ಮೀಠಾ ಚಟ್ನಿ ಅಲ್ವಾ ಇದು? ಹೆಂಡತಿಗೆ ತೋರಿಸಿದೆ. ಅವಳು ಬೆರಳ ತುದಿಗೆ ಹಾಕಿ ನೆಕ್ಕಿ, "ಜೀರಿಗೆ ಹಾಕ್ಲಿಲ್ಲ" ಅಂದಳು. ಆದರೆ ತಣ್ಣಗಾದ ಯಾರ್ಕ್‌ಶೈರ್ ಪುಡ್ಡಿಂಗಿನ ಗುಂಡಿಗೆ ಎರಡು ಚಮಚ ಸುರಿದುಕೊಂಡು, ಪಾನಿಪುರಿ ತಿನ್ನುವವಳ ಹಾಗೆ ಅದನ್ನು ಪೂರ್ತಿ ಮುಗಿಸಿದಳು. ಇಂಗ್ಲಿಷರು ನೋಡಿದ್ದರೆ ಏನನ್ನುತ್ತಿದ್ದರೋ.

ನಮ್ಮ ಕ್ಯಾಂಟೀನಿನ ಕಪ್ಪು ಬಾಟ್ಲಿ ಇದಲ್ಲ, ಅದು ವೂಸ್ಟರ್ ಸಾಸ್. ಅದರಲ್ಲೂ ಹುಣಸೆ ಇದೆ ಅಂದಳು ಮಗಳು, ಜೊತೆಗೆ ಉಪ್ಪಿನಲ್ಲಿ ಹಾಕಿಟ್ಟ ಸಣ್ಣ ಮೀನು. ಎರಡು ವರ್ಷ ಹುಣಸೆ ಹುಳಿ ಮತ್ತು ಉಪ್ಪು ಮೀನಿನ ಬಾಟ್ಲಿಯ ಕುತ್ತಿಗೆಯನ್ನು ಉಗುರಿನಿಂದ ಕೆರೆದಿದ್ದೇನೆ, ಒಂದು ಸಲವೂ ಆ ಉಗುರು ಬಾಯಿಗೆ ಹಾಕಿ ನೋಡಲಿಲ್ಲ.

ಬಟಾಣಿಯ ವಿಷಯ ಹೇಳಲೇಬೇಕು. ಮೀನಿನ ಪಕ್ಕ ಒಂದು ಸಣ್ಣ ಬಟ್ಟಲಿನಲ್ಲಿ 'ಮಶಿ ಪೀಸ್' ಇತ್ತು. ಗಿಣಿ ಹಸಿರು, ತಿಂದರೆ ಸಿಹಿ. ಇದು ಫ್ರೋಜನ್ ಬಟಾಣಿ ಬೇಯಿಸಿ ಮಿಕ್ಸಿಗೆ ಹಾಕಿದ್ದು, ಯಾರೂ ಹೇಳಬೇಕಾಗಿಲ್ಲ. ಅಲ್ಲಿಯದು ಒಣ ಬಟಾಣಿಯದ್ದಂತೆ, ರಾತ್ರಿ ಸೋಡಾ ಹಾಕಿ ನೆನೆಸಿ, ಬೆಳಿಗ್ಗೆ ತಾನಾಗಿ ಒಡೆಯುವವರೆಗೆ ಬೇಯಿಸುವುದು. ಬಣ್ಣ ಮಂಕು ಹಸಿರು. ಅಂದರೆ ಹೆಚ್ಚುಕಡಿಮೆ ನಮ್ಮ ರಗಡಾ. ಮುಂಬೈಯಲ್ಲಿ ಗಲ್ಲಿ ಗಲ್ಲಿಯಲ್ಲಿ ಒಣ ಬಟಾಣಿ ನೆನೆಸಿ ರಗಡಾ ಮಾಡುವವರಿದ್ದಾರೆ. ಆ ಊರಿನಲ್ಲಿ ಕೂತು ಫ್ರೋಜನ್ ಹಾಕಿದರೆ ಏನು ಹೇಳುವುದು? ಹೊರಗೆ ಹೋಗಿ ಒಬ್ಬ ರಗಡಾ-ಪ್ಯಾಟಿಸ್‌ನವನನ್ನು ಕರೆತಂದಿದ್ದರೂ ಸಾಕಿತ್ತು.

ಮಗಳು ಹೇಳಿದ ಇನ್ನೊಂದು ಸಂಗತಿ ಅಮ್ಮನಿಗೆ ಕೇಳಿಸದ ಹಾಗೆ ಹೇಳಿದ್ದು. ಲೀಡ್ಸ್ ಇರುವ ಯಾರ್ಕ್‌ಶೈರ್ ಕಡೆ ಎಷ್ಟೋ ಅಂಗಡಿಗಳಲ್ಲಿ ಇವತ್ತಿಗೂ ಕರಿಯುವುದು ದನದ ಕೊಬ್ಬಿನಲ್ಲಿ. ಅವಳು ಮೊದಲ ದಿನವೇ ಕೇಳಿ ತಿಳಿದುಕೊಂಡು, ಎಣ್ಣೆಯಲ್ಲಿ ಕರಿಯುವ ಅಂಗಡಿ ಹುಡುಕಿ, ಎರಡು ಬಸ್ ಸ್ಟಾಪ್ ನಡೆದು ಹೋಗಿ ತಿನ್ನುತ್ತಿದ್ದಳಂತೆ. ಅಲ್ಲಿ ಮೀನು ಹ್ಯಾಡಕ್, ದಕ್ಷಿಣದ ಕಡೆ ಕಾಡ್. ಎರಡನೇ ಮಹಾಯುದ್ಧದಲ್ಲಿ ಎಷ್ಟೋ ತಿನಿಸುಗಳಿಗೆ ರೇಷನ್ ಇದ್ದಾಗ ಫಿಶ್ ಅಂಡ್ ಚಿಪ್ಸಿಗೆ ಇರಲಿಲ್ಲ, ಅದನ್ನು ಅಲ್ಲಿಯ ಅಜ್ಜಿಯರು ಇನ್ನೂ ಹೆಮ್ಮೆಯಿಂದ ಹೇಳುತ್ತಾರಂತೆ.

ಇದನ್ನು ಮೊದಲು ಮಾರಿದ್ದು ಯಾರು ಅಂತ ಅಲ್ಲಿ ಜಗಳ ಇದೆ. ಲಂಡನ್ನಿನ ಜೋಸೆಫ್ ಮಾಲಿನ್ ಅಂತ ಕೆಲವರು, ಲ್ಯಾಂಕಶೈರಿನ ಮೋಸ್ಲಿ ಅನ್ನುವ ಊರಿನ ಸಂತೆಯಲ್ಲಿ ಮರದ ಗುಡಿಸಲ ಅಂಗಡಿ ಇಟ್ಟ ಜಾನ್ ಲೀಸ್ ಅಂತ ಇನ್ನು ಕೆಲವರು. ಎರಡೂ 1860ರ ದಶಕದ ಕತೆ. ಆ ಇಸವಿ ಕೇಳಿದಾಗ ನನಗೆ ಹೊರಗಿನ ಕಲ್ಲಿನ ಕಟ್ಟಡಗಳು ನೆನಪಾದವು. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ, ಅಲ್ಲಿಯ ಹತ್ತಿ ನಿಂತುಹೋಯಿತು. ಲ್ಯಾಂಕಶೈರಿನ ಗಿರಣಿ ಕೆಲಸಗಾರರು ಉಪವಾಸ ಬಿದ್ದರು. ಅದೇ ಹೊತ್ತಿಗೆ ಹತ್ತಿ ಮಾರಿ ಬೊಂಬಾಯಿಗೆ ದುಡ್ಡಿನ ಮಳೆ ಸುರಿಯಿತು, ಕೋಟೆ ಗೋಡೆ ಒಡೆದು ದೊಡ್ಡ ದೊಡ್ಡ ಕಟ್ಟಡ ಎದ್ದವು. ಯುದ್ಧ ಮುಗಿದದ್ದೇ ಇಲ್ಲಿ ದಿವಾಳಿ. ಆಮೇಲೆ ನಮ್ಮಲ್ಲೂ ಸಾಲು ಸಾಲು ಗಿರಣಿ, ಗಿರಣಿ ಕೆಲಸಗಾರರು, ಅವರಿಗೆ ಖಾನಾವಳಿ, ಕೊನೆಗೆ ವಡಾಪಾವ್. ಅಲ್ಲಿಯೂ ಗಿರಣಿಯವನಿಗೆ ಕರಿದ ಬಟಾಟೆ, ಇಲ್ಲಿಯೂ ಗಿರಣಿಯವನಿಗೆ ಕರಿದ ಬಟಾಟೆ. ನಾನು ಇಷ್ಟು ಹೇಳುವಷ್ಟರಲ್ಲಿ ಮಗಳು ಶೆಪರ್ಡ್ಸ್ ಪೈ ಅರ್ಧ ಖಾಲಿ ಮಾಡಿದ್ದಳು.

ಆ ಪೈ ಬಗ್ಗೆ ಹೆಚ್ಚೇನಿಲ್ಲ. ಮಟನ್ ಖೀಮಾ, ಅದರ ಮೇಲೆ ನುರಿದ ಬಟಾಟೆ ಹಾಸಿ, ಮೇಲ್ಭಾಗ ಕೆಂಪಾಗುವ ಹಾಗೆ ಓವನ್ನಿನಲ್ಲಿ ಇಟ್ಟದ್ದು. ಚೆನ್ನಾಗಿದೆ. ಇರಾನಿ ಹೋಟೆಲಿನ ಖೀಮಾ-ಪಾವ್ ಇದಕ್ಕಿಂತ ಚೆನ್ನಾಗಿದೆ.

ಕೊನೆಗೆ ಹೆಂಡತಿಗೆ ನಿಜವಾದ ಸಿಹಿ ಪುಡ್ಡಿಂಗ್ ಬಂತು. ಸ್ಟಿಕಿ ಟಾಫಿ ಪುಡ್ಡಿಂಗ್, ಖರ್ಜೂರ ಹಾಕಿದ ಕೇಕು, ಮೇಲೆ ಬೆಣ್ಣೆ-ಸಕ್ಕರೆಯ ಪಾಕ. ಜೊತೆಗೆ ಐಸ್‌ಕ್ರೀಂ ಬೇಕಾ ಕಸ್ಟರ್ಡ್ ಬೇಕಾ ಅಂತ ಹುಡುಗ ಕೇಳಿದ. "ಕಸ್ಟರ್ಡ್" ಅಂದಳು ತಟ್ಟನೆ. ಅದು ಅವಳಿಗೆ ಗೊತ್ತಿರುವ ವಸ್ತು. ನಮ್ಮ ಕಡೆ ಮದುವೆ ಊಟದ ಕೊನೆಗೆ ಬರುವ ಹಳದಿ ಫ್ರೂಟ್ ಸಲಾಡು ಅದರದ್ದೇ ಅಲ್ವಾ. ಆ ಪುಡಿಯ ಹಿಂದೆಯೂ ಒಬ್ಬ ಗಂಡ-ಹೆಂಡಿರ ಕತೆ ಇದೆ. 1837ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಆಲ್ಫ್ರೆಡ್ ಬರ್ಡ್ ಅನ್ನುವವನ ಹೆಂಡತಿಗೆ ಮೊಟ್ಟೆ ಆಗುತ್ತಿರಲಿಲ್ಲ, ಕಸ್ಟರ್ಡ್ ಮಾತ್ರ ಬೇಕು. ಆತ ಮೆಕ್ಕೆಜೋಳದ ಹಿಟ್ಟಿನಿಂದ (ಕಾರ್ನ್‌ಫ್ಲೋರ್) ಮೊಟ್ಟೆ ಇಲ್ಲದ ಪುಡಿ ಮಾಡಿಕೊಟ್ಟ. ಹಾಗಾಗಿಯೇ ಅದು ನಮ್ಮ ಸಸ್ಯಾಹಾರಿ ಮದುವೆ ಪಂಕ್ತಿಗೂ ಬಂದು ಕೂತಿತು.

ಕತೆ ಕೇಳಿ ಹೆಂಡತಿ ನನ್ನನ್ನೇ ನೋಡಿದಳು. "ನನ್ಗೆ ಬದ್ನೆಕಾಯಿ ಆಪ್ದಿಲ್ಲ ಅಂದ್ರೆ, ನೀವ್ ಎಂತ ಮಾಡಿಕೊಟ್ರಿ?"

ಬದನೆಕಾಯಿ ಬಿಟ್ಟು ಉಳಿದ ಸಾಂಬಾರು ಬಡಿಸಿಕೋ ಅಂದಿದ್ದೆ. ಸುಮ್ಮನಿದ್ದೆ.

ಬಿಲ್ 3,180 ರೂಪಾಯಿ. ಆ ದುಡ್ಡಿಗೆ ನಮ್ಮಲ್ಲಿ ಒಂದು ಕಾಲಕ್ಕೆ ಇಡೀ ಟೇಬಲ್ ಎರಡು ಸಲ ಎದ್ದು ಕೂರುತ್ತಿತ್ತು ಅಂತ ಬಾಯಿ ತುದಿಗೆ ಬಂತು. ಮಗಳು ಕೊಡುತ್ತಿದ್ದಾಳೆ, ನುಂಗಿಕೊಂಡೆ. ಹುಡುಗ ಹೇಗಿತ್ತು ಅಂತ ಕೇಳಿದ. ಹಿಟ್ಟು ಫಸ್ಟ್ ಕ್ಲಾಸ್ ಅಂತ ನಿನ್ನ ಕುಕ್‌ಗೆ ಹೇಳು, ಮೀನು ಒರೆಸಿ ಹಾಕಲು ಹೇಳು, ಪ್ಲೇಟು ಬಿಸಿ ಮಾಡಲು ಹೇಳು ಅಂದೆ. ಅವನು ಜೇಬಿನ ಪುಸ್ತಕದಲ್ಲಿ ನಿಜವಾಗಿಯೂ ಬರೆದುಕೊಂಡ. ಬಟಾಣಿ ವಿಷಯ ಹೇಳಲಿಲ್ಲ. ಒಂದು ದಿನಕ್ಕೆ ಮೂರು ಸಾಕು.

ಹೆಂಡತಿ ಕೈ ತೊಳೆಯಲು ಹೋದಳು. ಮಗಳು ಬಾಗಿಲ ಹತ್ತಿರ ನಿಂತು ಟ್ಯಾಕ್ಸಿ ಬುಕ್ ಮಾಡುತ್ತಿದ್ದಳು, ಹೊರಗೆ ಮಳೆ ಜೋರಾಗಿತ್ತು. ಟೇಬಲಿನಲ್ಲಿ ನಾನೊಬ್ಬನೇ. ಕಪ್ಪು ಬಾಟ್ಲಿಯ ಕುತ್ತಿಗೆಯಿಂದ ಒಂದು ಹನಿ ಲೇಬಲ್ಲಿನ ಪಾರ್ಲಿಮೆಂಟಿನ ಕಡೆ ಇಳಿಯುತ್ತಿತ್ತು. ಟಿಶ್ಯೂ ತೆಗೆದು ನೀರಿನ ಗ್ಲಾಸಿಗೆ ಅದ್ದಿ ಒರೆಸಿದೆ. ಮುಚ್ಚಳದ ಸುತ್ತ ಒಂದು ಸುತ್ತು.

"ಅರೇ ಅಂಕಲ್, ರಹನೇ ದೀಜಿಯೇ", ಇರಲಿ ಬಿಡಿ ಅಂತ ಹುಡುಗ ಓಡಿ ಬಂದ.

ರಾತ್ರಿ ಎಷ್ಟು ಟೇಬಲ್ ಒರೆಸುತ್ತೀಯಾ ಅಂತ ಹಿಂದಿಯಲ್ಲಿ ಕೇಳಿದೆ. "ಚೌದಾ" ಅಂದ, ಹದಿನಾಲ್ಕು.

ನನ್ನದು ಹದಿನೆಂಟಿತ್ತು ಅಂದೆ. ಅವನು ನಕ್ಕ, ನಂಬಿದ ಹಾಗೆ ಕಾಣಲಿಲ್ಲ. ಬಾಟ್ಲಿ ನನ್ನ ಕೈಯಿಂದ ತೆಗೆದುಕೊಂಡು, ವಿನೆಗರ್ ಪಕ್ಕ ಇಟ್ಟು, ಲೇಬಲ್ ಕುರ್ಚಿಯ ಕಡೆಗೆ ಬರುವ ಹಾಗೆ ತಿರುಗಿಸಿದ.